ಎಮ್ಮೆ ಕಟ್ಟದ ಊರಿನ ಖಾಲಿ ಪಟ್ಟಿ

ವೆಂಕಟಲಕ್ಷ್ಮಮ್ಮನವರೇ, ನಿಮ್ಮೂರಿನ ಹಸುಗಳಿಗೆ ನೀವು ಲಸಿಕೆ ಹಾಕಿದ್ದಿರಿ. ಅದರ ದಾಖಲೆಯನ್ನೂ ಅಂದಂದೇ ತುಂಬಿದ್ದಿರಿ. ಹಾಕಿಲ್ಲವೆಂದು ಬರೆದವನು ನಾನು. ಆಮೇಲೆ, ಸಿಕ್ಕಿಬಿದ್ದ ಮೇಲೆ ನೀವು ದಾಖಲೆ ತುಂಬಿದಿರೆಂದು ಜನ ನಂಬುವ ಹಾಗೆ ಬರೆದವನೂ ನಾನೇ. ಮೊದಲನೆಯದನ್ನು ಬರೆಯುವಾಗ ಸತ್ಯ ನನಗೆ ಗೊತ್ತಿರಲಿಲ್ಲ. ಎರಡನೆಯದನ್ನು ಬರೆಯುವಾಗ ಗೊತ್ತಿತ್ತು — ಪೂರ್ತಿ ಗೊತ್ತಿತ್ತು.

ಇದನ್ನು ಓದುವವರಲ್ಲಿ ನಿಮ್ಮನ್ನು ಬಲ್ಲವರು ಕಡಿಮೆ. ಅವರಿಗಾಗಿ ಮೊದಲು ಸಂಗತಿಗಳು.

ನಾನು ಕೋಲಾರದ ಒಂದು ದಿನಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಆಗ ವರದಿಗಾರ, ಈಗ ಜಿಲ್ಲಾ ಪುಟದ ಹೊಣೆ ನನ್ನದು. ವೆಂಕಟಲಕ್ಷ್ಮಮ್ಮ ಮಾಲೂರು ತಾಲ್ಲೂಕು ಮಾಸ್ತಿ ಹೋಬಳಿಯ ಒಂದು ಸಣ್ಣ ಊರಿನವರು. ಆರು ವರ್ಷಗಳ ಹಿಂದೆ ಒಂದು ಸಂಘ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಹಲವು ಊರುಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ಕೆಲಸ ವಹಿಸಿಕೊಂಡಿತ್ತು. ಊರಿಗೊಬ್ಬರನ್ನು ಆ ಊರಿನಿಂದಲೇ ಆರಿಸಿ ತರಬೇತಿ ಕೊಟ್ಟಿತ್ತು. ಐಸು ತುಂಬಿದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಬೇಕು, ಸೂಜಿ ಹಾಕಬೇಕು, ಹಸುವಿನ ಕಿವಿಯಲ್ಲಿರುವ ಹಳದಿ ಓಲೆಯ ಸಂಖ್ಯೆ ನೋಡಿ ಫೋನಿನಲ್ಲಿ ತುಂಬಬೇಕು. ಹಾಗೆ ತುಂಬಿದ್ದೆಲ್ಲ ಸಂಘದ ಜಾಲತಾಣದ ಒಂದು ಪುಟಕ್ಕೆ ಬಂದು ಸೇರುತ್ತಿತ್ತು.

ಆ ಪುಟ ನನ್ನ ಕೈಗೆ ಸಿಕ್ಕ ದಿನದ ಸಂಭ್ರಮವನ್ನು ಹೇಗೆ ಹೇಳಲಿ — ಈಗಲೂ ನೆನೆದರೆ ಬೆರಳು ಚುರುಕಾಗುತ್ತದೆ. ನಾಚಿಕೆಯಾಗಬೇಕು, ಆಗುತ್ತದೆ. ಆದರೂ ಆ ದಿನ ಖುಷಿಪಟ್ಟಿದ್ದೆ ಎಂಬುದನ್ನು ಮುಚ್ಚಿಟ್ಟರೆ ಈ ಬರಹವೂ ಇನ್ನೊಂದು ಸುಳ್ಳಾಗುತ್ತದೆ.

ಜಾಲತಾಣ ತೆರೆದರೆ ಎಲ್ಲರಿಗೂ ಕಾಣುತ್ತಿದ್ದದ್ದು ಜಿಲ್ಲೆಯ ಒಟ್ಟು ಮೊತ್ತ ಮಾತ್ರ. ಕೋಲಾರ ತಾಲ್ಲೂಕಿನ ಕ್ಯಾಲನೂರು ಎಂಬ ಊರಿನ ಬಗ್ಗೆ ಒಂದು ಸಣ್ಣ ಸುದ್ದಿಗಾಗಿ ಸಂಘದ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದ್ದೆ. ಅವರು ಒಂದು ಲಿಂಕ್ ಕಳಿಸಿದರು. ಒತ್ತಿದೆ. ಕ್ಯಾಲನೂರಿನ ಹಸುಗಳು ಸಾಲಾಗಿ ಬಂದವು — ಓಲೆಯ ಸಂಖ್ಯೆ, ಸಾಕಿದವರ ಹೆಸರು, ಸೂಜಿ ಹಾಕಿದ ದಿನ, ಹಾಕಿದವರ ಹೆಸರು. ಸುದ್ದಿಗೆ ಅಷ್ಟು ಸಾಕಿತ್ತು. ಆದರೆ ನನ್ನ ಕಣ್ಣು ಮೇಲಿನ ವಿಳಾಸದ ಮೇಲೆ ಬಿತ್ತು. ವಿಳಾಸ ಮುಗಿಯಬೇಕಾದ ಕಡೆ ಮುಗಿದಿರಲಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಬೆನ್ನಿಗೆ ಒಂದು ಬಾಲ. ಇಂಗ್ಲಿಷಿನಲ್ಲಿದ್ದ ಆ ಬಾಲವನ್ನು ಕನ್ನಡದಲ್ಲಿ ಬರೆದರೆ ಹೀಗೆ: ತಾಲ್ಲೂಕು ಸಮ ಇಷ್ಟು, ಹೋಬಳಿ ಸಮ ಇಷ್ಟು, ಊರು ಸಮ ಇಷ್ಟು. ಬರೀ ಸಂಖ್ಯೆಗಳು.

ಊರಿನ ಸಂಖ್ಯೆಯನ್ನು ಒಂದು ಹೆಚ್ಚಿಸಿ ಒತ್ತಿದೆ. ಪಕ್ಕದ ಊರು ತೆರೆಯಿತು!

ಇನ್ನೊಂದು ಹೆಚ್ಚಿಸಿದೆ. ಇನ್ನೊಂದು ಊರು. ತಾಲ್ಲೂಕಿನ ಸಂಖ್ಯೆ ಬದಲಿಸಿದೆ — ಮುಳಬಾಗಿಲು! ಕುರ್ಚಿಯಿಂದ ಎದ್ದೇ ನಿಂತೆ. ಪುಟ ಒಂದೇ, ಅದರೊಳಗೆ ಇಡೀ ಜಿಲ್ಲೆಯ ದನಗಳಿದ್ದವು. ಪ್ರಶ್ನಾರ್ಥಕ ಚಿಹ್ನೆಯ ಮುಂದೆ ನಾವು ಏನು ಕೇಳುತ್ತೇವೋ ಅಷ್ಟನ್ನು ಮಾತ್ರ ಜರಡಿ ಹಿಡಿದು ತೋರಿಸುತ್ತಿತ್ತು. ಮಿಕ್ಕದ್ದನ್ನು ಕಾಣದಂತೆ ಹಿಂದಿಟ್ಟುಕೊಳ್ಳುತ್ತಿತ್ತು. ಹಿಂದಿಟ್ಟುಕೊಳ್ಳುತ್ತದೆ ಎಂಬ ಭಾಗವನ್ನು ಅವತ್ತು ಯೋಚಿಸಲಿಲ್ಲ. ತೋರಿಸುತ್ತದೆ ಎಂಬುದೇ ತಲೆಗೆ ಏರಿತ್ತು.

ಪತ್ರಿಕೆಯ ಪುಟ ಜೋಡಿಸುವ ನಾಗೇಶ ಪಕ್ಕದ ಮೇಜಿನಿಂದ ನೋಡಿ ನಕ್ಕ. "ಏನ್ ಸಾರ್, ಕುಂತಲ್ಲೇ ಮುಳಬಾಗಿಲು ನೋಡ್ಕೊಂಡ್ ಬಂದ್ರಾ? ಬಸ್ಸಿಗೆ ನಿಲ್ಲೋದು ತಪ್ತು. ದೋಸೆ ಒಂದೇ ಲಾಸು."

"ಸುಮ್ನಿರೋ, ದೊಡ್ಡ ಸುದ್ದಿ ಐತೆ ಇದರಲ್ಲಿ" ಎಂದೆ. ಏನು ಸುದ್ದಿ ಎಂದು ನನಗೇ ಗೊತ್ತಿರಲಿಲ್ಲ. ಇದ್ದೇ ಇರುತ್ತದೆ ಎಂಬ ಹಟ ಮಾತ್ರ ಹುಟ್ಟಿತ್ತು. ಯಾವುದೋ ಒಂದು ಊರಲ್ಲಿ ಸೂಜಿಯನ್ನೇ ಹಾಕದೆ ಬಿಟ್ಟಿರುತ್ತಾರೆ, ಆ ಊರನ್ನು ನಾನು ಹಿಡಿಯುತ್ತೇನೆ — ಹುಡುಕುವ ಮೊದಲೇ ಸಿಗಬೇಕಾದದ್ದನ್ನು ತೀರ್ಮಾನ ಮಾಡಿಕೊಂಡಿದ್ದೆ.

ಎರಡು ದಿನ ಊರೂರು ತೆರೆದೆ. ಕೋಲಾರ ಮುಗಿಯಿತು, ಮುಳಬಾಗಿಲು ಮುಗಿಯಿತು. ಎಲ್ಲ ಕಡೆ ಪಟ್ಟಿ ತುಂಬಿತ್ತು. ಸ್ವಲ್ಪ ನಿರಾಸೆಯೂ ಆಯಿತು. ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿದು ನಿರಾಸೆಯಾಗುವ ಜಾತಿ ನಮ್ಮದು.

ಮೂರನೆಯ ದಿನ ಬೆಳಿಗ್ಗೆ ಶ್ರೀನಿವಾಸಪುರದ ಕಡೆಯ ಓದುಗರೊಬ್ಬರು ಫೋನ್ ಮಾಡಿದರು. ಆಂಧ್ರದ ಗಡಿಯವರು, ಅರ್ಧ ತೆಲುಗು, ಅರ್ಧ ಕನ್ನಡ. "ಎನುಮುಲು ಏಂ ಪಾಪಂ ಚೇಸಿನಾಯ್ ಸಾರ್?" ಎಂದು ಶುರುವಿನಲ್ಲೇ ಜಗಳಕ್ಕೆ ನಿಂತರು. ಎಮ್ಮೆಗಳು ಏನು ಪಾಪ ಮಾಡಿವೆ ಎಂದು ಕೇಳುತ್ತಿದ್ದರು. "ಹಸುಗೆಲ್ಲಾ ಹಾಕಿದ್ರು, ನಮ್ಮ ಎಮ್ಮೆ ಹತ್ರ ಬರ್ಲೇ ಇಲ್ಲ. ಎಮ್ಮೆ ಹಾಲು ಕುಡಿಯಲ್ವಾ ನೀವು?"

ಸಂಘದ ಕಂಪ್ಯೂಟರಿನವರಿಗೆ ಹೇಳಿದೆ. ಅವರು ಆ ಊರಿನ ಎಮ್ಮೆಗಳದೇ ಒಂದು ಲಿಂಕ್ ಕಳಿಸಿದರು. ತೆರೆದೆ, ಎಮ್ಮೆಗಳು ಬಂದವು, ಫೋನ್ ಮಾಡಿದವರ ಎಮ್ಮೆಯೂ ಅದರಲ್ಲಿತ್ತು. ಅವರ ಮಗ ಇದ್ದ ದಿನ ಹಾಕಿಹೋಗಿದ್ದರಂತೆ. ನಕ್ಕು ಮುಗಿಸಿದೆವು. ಅವರು ಕಳಿಸಿದ ಸಂದೇಶದಲ್ಲಿ ಈ ಲಿಂಕಿನ ಬಾಲ ಮೊದಲಿನದಕ್ಕಿಂತ ಉದ್ದವಾಗಿ ಕಂಡಿತು. ತಾಲ್ಲೂಕು, ಹೋಬಳಿ, ಊರು — ಆದ ಮೇಲೆ ಕೊನೆಯಲ್ಲಿ ಇನ್ನೊಂದು: ಪ್ರಾಣಿ ಸಮ 2. ಎರಡು ಎಂದರೆ ಎಮ್ಮೆ. ಓಹೋ, ಇದೂ ಸಾಧ್ಯವೇ ಎಂದು ಮೆಚ್ಚಿಕೊಂಡೆ. ಮೆಚ್ಚಿಕೊಂಡು ಮರೆತೆ.

ಆಗ ನಾನು ಈ ಕೆಲಸವನ್ನೆಲ್ಲ ಫೋನಿನಲ್ಲೇ ಮಾಡುತ್ತಿದ್ದೆ. ಫೋನಿನ ಅಗಲ ಎಷ್ಟು — ವಿಳಾಸದ ಮೊದಲ ತುಂಡು ಕಾಣುತ್ತದೆ, ಬಾಲದ ಕೊನೆ ಅಂಚಿನಾಚೆ ಹೋಗಿರುತ್ತದೆ. ಮಾಲೂರಿಗೆ ಹೋಗಲು ಕೈಗೆ ಮೊದಲು ಸಿಕ್ಕ ಲಿಂಕನ್ನೇ, ಅಂದರೆ ಆ ಎಮ್ಮೆಯ ಲಿಂಕನ್ನೇ ತೆಗೆದುಕೊಂಡೆ. ತಾಲ್ಲೂಕು ಬದಲಿಸಿದೆ. ಹೋಬಳಿ ಬದಲಿಸಿದೆ. ಊರು ಬದಲಿಸಿದೆ. ಕೊನೆಯದನ್ನು ಮುಟ್ಟಲಿಲ್ಲ. ಮೊದಲ ಎರಡು ಊರುಗಳ ಪಟ್ಟಿ ತೀರಾ ಚಿಕ್ಕದಿತ್ತು. ಗಮನಿಸಿದೆ. ನಿಲ್ಲಲಿಲ್ಲ.

ಮೂರನೆಯದು ನಿಮ್ಮೂರು.

"ಯಾವುದೇ ದಾಖಲೆ ಇಲ್ಲ."

ವೆಂಕಟಲಕ್ಷ್ಮಮ್ಮನವರೇ, ಅದನ್ನು ಓದಿದಾಗ ನನ್ನ ಎದೆ ಹೊಡೆದುಕೊಂಡ ರೀತಿ... ಸಿಕ್ಕಿತು! ಇಡೀ ಊರಿಗೆ ಊರೇ ಖಾಲಿ! ಮತ್ತೆ ಒತ್ತಿದೆ, ಮತ್ತೆ ಅದೇ. ಪುಟದ ಚಿತ್ರ ತೆಗೆದುಕೊಂಡೆ. ಸಂಘದ ಮುದ್ರಿತ ಪಟ್ಟಿಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಇತ್ತು. ಆರೋಪ ಇರುವವರನ್ನು ಕೇಳದೆ ಬರೆಯಬಾರದು ಎಂಬುದು ನಮ್ಮ ಕಚೇರಿಯ ಶಿಸ್ತು. ಶಿಸ್ತಿನ ಪ್ರಕಾರ ಫೋನ್ ಮಾಡಿದೆ.

"ಒಂದೂ ಬಿಡದಂಗೆ ಹಾಕಿದೀನಿ ಸಾರ್" ಎಂದಿರಿ. ಹಿಂದೆ ಎಲ್ಲೋ ಹಸು ಅಂಬಾ ಎನ್ನುತ್ತಿತ್ತು. "ಒದೆ ತಿಂದು ಹಾಕಿದೀನಿ. ಮೊಣಕಾಲು ಇನ್ನೂ ಊದ್ಕೊಂಡೈತೆ. ಓಲೆ ನಂಬರ್ ಎಲ್ಲಾ ಅವತ್ತವತ್ತೇ ಫೋನಲ್ಲಿ ಹೊಡೆದಿದೀನಿ."

"ಪುಟದಲ್ಲಿ ಇಲ್ವಲ್ಲ" ಎಂದೆ.

"ಅದ್ಯಾವ ಪುಟನೋ ನಂಗೊತ್ತಿಲ್ಲ ಸಾರ್. ನೀವೇ ಬನ್ನಿ. ಕೋಲಾರದಿಂದ ಮಾಲೂರು, ಮಾಲೂರಿಂದ ನಮ್ಮೂರ ಬಸ್ಸೈತೆ. ಮನೆಮನೆಗೂ ಕರ್ಕೊಂಡು ಹೋಗ್ತೀನಿ, ಯಾರನ್ನ ಬೇಕಾದ್ರೂ ಕೇಳಿ."

"ನೋಡೋಣ" ಎಂದೆ.

ಬರಲಿಲ್ಲ. ಬಂದಿದ್ದರೆ ಅರ್ಧ ದಿನದ ಕೆಲಸ. ಅರ್ಧ ದಿನ ಕಳೆದರೆ ನಾಳಿನ ಪತ್ರಿಕೆ ತಪ್ಪಿಹೋಗುತ್ತದೆ, ಬೇರೆ ಪತ್ರಿಕೆಯವರಿಗೆ ವಾಸನೆ ಸಿಕ್ಕರೆ — ಹೀಗೆಲ್ಲ ಯೋಚಿಸಿದೆ. ನಿಮ್ಮ ಊದಿದ ಮೊಣಕಾಲು, ನಿಮ್ಮೂರ ಬಸ್ಸು, ಬನ್ನಿ ಎಂದು ಕರೆದದ್ದು, ಇಷ್ಟನ್ನೂ ನಾನು ಒಂದು ಸಾಲು ಮಾಡಿದೆ: "ಈ ಕುರಿತು ಲಸಿಕೆ ಹಾಕುವ ಮಹಿಳೆಯನ್ನು ಸಂಪರ್ಕಿಸಿದಾಗ ಸಮರ್ಪಕ ಉತ್ತರ ನೀಡಲಿಲ್ಲ." ಪತ್ರಿಕೆ ಓದುವವರಿಗೆಲ್ಲ ಈ ವಾಕ್ಯ ಪರಿಚಿತ. ಎಷ್ಟು ಸಲ ಅದರ ಹಿಂದೆ ಸಮರ್ಪಕವಾದ ಉತ್ತರವೇ ಇರುತ್ತದೆ ಎಂಬುದು ಬರೆದವರಿಗೆ ಮಾತ್ರ ಗೊತ್ತು.

ಒಂದನೇ ಪುಟದಲ್ಲಿ, ಮಡಚಿದರೂ ಕಾಣುವ ಮೇಲರ್ಧದಲ್ಲಿ, ನನ್ನ ಹೆಸರಿನೊಂದಿಗೆ ಸುದ್ದಿ ಬಂತು. ತಲೆಬರಹ: ಹಸುಗಳಿಗೆ ಸೂಜಿ ಇಲ್ಲ, ಊರೇ ದಾಖಲೆಯಲ್ಲಿಲ್ಲ. ಪಕ್ಕದಲ್ಲಿ ಆ ಖಾಲಿ ಪುಟದ ಚಿತ್ರ.

ಆ ಬೆಳಿಗ್ಗೆ ಕಚೇರಿಯಲ್ಲಿ ಹಬ್ಬ. ಫೋನ್ ಮೇಲೆ ಫೋನ್. ಸಂಪಾದಕರು ತಮ್ಮ ಕೋಣೆಯಿಂದ ಎದ್ದು ಬಂದು ಎಲ್ಲರ ಮುಂದೆ ಬೆನ್ನು ತಟ್ಟಿದರು. "ನೋಡ್ರೋ, ಕುರ್ಚಿಲಿ ಕೂತು ಹೊಡೆದಿದಾನೆ. ನೀವು ಬೈಕ್ ಹತ್ತಿ ಪೆಟ್ರೋಲ್ ಸುಡ್ತೀರಾ!" ಎಲ್ಲರೂ ನಕ್ಕರು. ನಾನೂ. ಮುಂದುವರಿದ ಸುದ್ದಿಗೆ ಪುಟವನ್ನು ದೊಡ್ಡದಾಗಿ ಮುದ್ರಿಸಿಕೊಡಲು ಕೇಳಿದರು. ಅದು ಫೋನಿನಲ್ಲಿ ಆಗದು. ನಾಗೇಶ ಚಹಾಕ್ಕೆ ಹೋಗಿದ್ದ. ಅವನ ಕಂಪ್ಯೂಟರಿನ ಮುಂದೆ ಕೂತು ಅದೇ ಲಿಂಕ್ ಹಾಕಿದೆ.

ಅಗಲವಾದ ಪರದೆ. ಮೊಟ್ಟಮೊದಲ ಬಾರಿಗೆ ವಿಳಾಸ ತಲೆಯಿಂದ ಬಾಲದವರೆಗೆ ಒಂದೇ ಸಾಲಿನಲ್ಲಿ ಕಂಡಿತು. ತಾಲ್ಲೂಕು. ಹೋಬಳಿ. ಊರು. ಪ್ರಾಣಿ ಸಮ 2.

ಎರಡು ಎಂದರೆ ಎಮ್ಮೆ. ಕೊನೆಯ ತುಂಡನ್ನು ಅಳಿಸಿದೆ. ಒತ್ತುವುದೋ ಬೇಡವೋ — ಒತ್ತಿದೆ.

ಬಂದವು. ಒಂದು ಸಾಲು, ಹತ್ತು ಸಾಲು, ಪರದೆ ತುಂಬ, ಸರಿಸಿದರೆ ಮತ್ತೂ ಇವೆ, ಮತ್ತೂ. ಒಂದೊಂದು ಸಾಲಿನಲ್ಲೂ ಒಂದೊಂದು ಕಿವಿಯ ಸಂಖ್ಯೆ, ಒಂದೊಂದು ಮನೆಯ ಹೆಸರು, ತುದಿಯಲ್ಲಿ ನಿಮ್ಮ ಹೆಸರು. ವೆಂಕಟಲಕ್ಷ್ಮಮ್ಮ, ವೆಂಕಟಲಕ್ಷ್ಮಮ್ಮ, ವೆಂಕಟಲಕ್ಷ್ಮಮ್ಮ. ಒಂದೂ ಬಿಡದಂಗೆ. ಕೊನೆ ಮುಟ್ಟಿಸಲೇಬೇಕೆಂದು ಸರಿಸುತ್ತಲೇ ಹೋದೆ. ವಿಚಿತ್ರ ಏನೆಂದರೆ ಆ ಗಳಿಗೆಯಲ್ಲೂ ನನ್ನೊಳಗೆ ಎದ್ದದ್ದು ಭಯವೊಂದೇ ಅಲ್ಲ. ಖಾಲಿ ಎಂದುಕೊಂಡಿದ್ದ ಪುಟ ಕಣ್ಣ ಮುಂದೆ ತುಂಬುತ್ತ ಹೋಗುವುದನ್ನು ಕಂಡ ಒಂದು ರೋಮಾಂಚವೂ ಇತ್ತು. ಒಬ್ಬ ಹೆಂಗಸು ಒಬ್ಬಳೇ ಇಷ್ಟು ಕೊಟ್ಟಿಗೆ ಸುತ್ತಿದ್ದಾಳೆ! ಅದೇ ದೊಡ್ಡ ಸುದ್ದಿಯಾಗಿತ್ತು. ಅದನ್ನು ಬರೆಯಬಹುದಿತ್ತು.

ಮಾಸ್ತಿಯಲ್ಲಿ ನಮ್ಮ ಪತ್ರಿಕೆ ಹಂಚುವ ಏಜೆಂಟರಿಗೆ ಫೋನ್ ಮಾಡಿದೆ. ಆ ಊರಿನಲ್ಲಿ ಎಮ್ಮೆ ಎಷ್ಟಿರಬಹುದು ಎಂದು ಕೇಳಿದೆ.

"ಎಮ್ಮೆನಾ?" ಎಂದರು. "ಆ ಊರಲ್ಲಿ ಎಮ್ಮೆ ಕಟ್ಟಲ್ಲ ಸಾರ್. ಊರ ದೇವತೆಗೆ ಹಿರೀಕರು ಕೊಟ್ಟ ಮಾತಂತೆ. ಹೆಣ್ಣು ಕೊಟ್ಟೋರು ಎಮ್ಮೆ ಹೊಡ್ಕೊಂಡ್ ಬಂದ್ರೂ ಗಡೀಲೇ ಮಾರಿ ಹಸು ತತ್ತಾರೆ. ಯಾಕ್ ಸಾರ್, ಎಮ್ಮೆ ಏನಾದ್ರೂ ಕೊಳ್ಬೇಕಿತ್ತಾ?"

ಅವರೇ ಮುಂದುವರಿಸಿದರು. "ಅದಿರ್ಲಿ, ಇಲ್ಲಿ ಗಲಾಟೆ ಜೋರಾಗೈತೆ. ಸಂಘದೋರು ಈವಾಗ ತೆಗೆದು ನೋಡಿದ್ರಂತೆ, ಪಟ್ಟಿ ಪೂರ್ತಿ ಐತಂತೆ. ಪೇಪರ್ ನೋಡಿ ಗಾಬ್ರಿಯಾಗಿ ಆಯಮ್ಮ ತುಂಬವ್ಳೆ ಅಂತಾವ್ರೆ ಸಾರ್. ಸಖತ್ತಾಗಿ ಹಿಡಿದ್ರಿ ನೀವು."

ಇದನ್ನು ನಿಧಾನವಾಗಿ ಬರೆಯಬೇಕು. ಪುಟದಲ್ಲಿ ಸೂಜಿ ಹಾಕಿದ ದಿನ ಕಾಣುತ್ತಿತ್ತು, ತುಂಬಿದ ದಿನ ಕಾಣುತ್ತಿರಲಿಲ್ಲ. ಬೆಳಿಗ್ಗೆ ಪತ್ರಿಕೆಯಲ್ಲಿ ಖಾಲಿ ಚಿತ್ರ, ಆಮೇಲೆ ಅದೇ ದಿನ ಪುಟದಲ್ಲಿ ತುಂಬಿದ ಪಟ್ಟಿ. ನೋಡಿದವರು ಇನ್ನೇನು ತಿಳಿದುಕೊಂಡಾರು? ನೀವು ಪ್ರಾಮಾಣಿಕವಾಗಿ ಮಾಡಿದ ಕೆಲಸದ ಪುರಾವೆಯೇ ನಿಮ್ಮ ಮೇಲಿನ ಅಪವಾದಕ್ಕೆ ಪುರಾವೆಯಾಗಿತ್ತು. ಅದನ್ನು ಬಿಡಿಸಬಲ್ಲವನು ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದ. ಅವನು ನಾಗೇಶನ ಕುರ್ಚಿಯಲ್ಲಿ ಕೂತಿದ್ದ.

ಸಂಪಾದಕರಿಗೆ ಏಜೆಂಟರ ಮಾತು ಹೇಳಿದೆ. ಅಷ್ಟನ್ನೇ ಹೇಳಿದೆ. "ಫಲಶ್ರುತಿ ಹೊಡೀರಿ!" ಎಂದು ಕೂಗಿದರು. ವರದಿಯಿಂದ ಏನಾದರೂ ಆದರೆ ಮರುದಿನ ಆ ತಲೆಪಟ್ಟಿ ಹಾಕಿ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದು ಪತ್ರಿಕೆಗಳ ರೂಢಿ. ಹೇಳಲು ಬಾಯಿ ತೆರೆದೆ. ಸಾರ್, ಒಂದು ತಪ್ಪಾಗಿದೆ — ಇಷ್ಟೇ ವಾಕ್ಯ. ಬೆಳಿಗ್ಗೆಯ ಹೊಗಳಿಕೆ ಇನ್ನೂ ಕಿವಿಯಲ್ಲಿತ್ತು. ಎಲ್ಲರ ಮುಂದೆ ಎಮ್ಮೆ ಎಂದು ಹೇಳಬೇಕಲ್ಲ, ನಾಗೇಶ ನಗುತ್ತಾನಲ್ಲ... ಹೌದು, ಅಷ್ಟು ಸಣ್ಣದಕ್ಕೆ. ಯಾರೂ ನನ್ನನ್ನು ಬೆದರಿಸಿರಲಿಲ್ಲ, ಕೆಲಸ ಹೋಗುತ್ತಿರಲಿಲ್ಲ. ಒಂದು ನಗೆಯನ್ನು ತಪ್ಪಿಸಿಕೊಳ್ಳಲು ಬಾಯಿ ಮುಚ್ಚಿದೆ.

ಹೋಗಿ ಬರೆದೆ. "ಪತ್ರಿಕೆಯಲ್ಲಿ ವರದಿ ಪ್ರಕಟವಾದ ಬೆನ್ನಲ್ಲೇ ಜಾಲತಾಣದಲ್ಲಿ ದಾಖಲೆಗಳು ಪ್ರತ್ಯಕ್ಷವಾಗಿವೆ." ಈ ವಾಕ್ಯವನ್ನು ಎಷ್ಟು ಜಾಗ್ರತೆಯಿಂದ ಕಟ್ಟಿದೆನೆಂದು ನಿಮಗೆ ಗೊತ್ತಾಗಬೇಕು. ನೀವು ತುಂಬಿದಿರಿ ಎಂದು ಬರೆಯಲಿಲ್ಲ. ಸುಳ್ಳು ಎಂಬ ಪದ ಬಳಸಲಿಲ್ಲ. ಯಾರಾದರೂ ಪ್ರಶ್ನಿಸಿದರೆ ಪ್ರತಿಯೊಂದು ಪದಕ್ಕೂ ಸಮರ್ಥನೆ ಇತ್ತು. ಇಪ್ಪತ್ತು ವರ್ಷ ಕಲಿತ ಕಸುಬನ್ನೆಲ್ಲ ಆ ಒಂದು ಸಾಲಿಗೆ ಹಾಕಿದ್ದೆ. ಉಳಿದ ಸುಳ್ಳನ್ನು ಓದುಗರೇ ತುಂಬಿಕೊಂಡರು. ಮೂರನೆಯ ದಿನ ಸಂಘ ನಿಮ್ಮನ್ನು ತೆಗೆದುಹಾಕಿತು. ಅದನ್ನೂ ನಾನೇ ಬರೆದೆ, ನಾಲ್ಕು ಸಾಲು, ಒಳಪುಟ.

ಇಷ್ಟಾದರೂ ನನ್ನ ನಿದ್ದೆ ಕೆಡಲಿಲ್ಲ. ಬಡ್ತಿ ಸಿಕ್ಕಿತು. ಅಂಕಿಅಂಶ, ಜಾಲತಾಣ ಎಂದರೆ ನನ್ನನ್ನೇ ಕರೆಯತೊಡಗಿದರು. ಪತ್ರಿಕೋದ್ಯಮ ಓದುವ ಮಕ್ಕಳಿಗೆ ಪಾಠ ಹೇಳಲು ಹೋದಾಗಲೆಲ್ಲ ನಿಮ್ಮೂರಿನ ಕಥೆ ಹೇಳುತ್ತಿದ್ದೆ. ಹೆಸರು ಬಿಟ್ಟು ಹೇಳುತ್ತಿದ್ದೆ, ಎಮ್ಮೆಯನ್ನೂ ಬಿಟ್ಟು. ಪ್ರಶ್ನಾರ್ಥಕ ಚಿಹ್ನೆ, ಬಾಲ, ಊರ ಸಂಖ್ಯೆ, ಖಾಲಿ ಪುಟ — ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಹೇಳುವಾಗ ನನಗೂ ಹಳೆಯ ಹುಮ್ಮಸ್ಸು ಬರುತ್ತಿತ್ತು. ಸತ್ಯ ಗೊತ್ತಿದ್ದವನಿಗೆ ಅದು ಹೇಗೆ ಬರುತ್ತಿತ್ತೋ... ಬರುತ್ತಿತ್ತು.

ಕಳೆದ ತಿಂಗಳು ಕೋಲಾರದ ಒಂದು ಕಾಲೇಜಿನಲ್ಲಿ ಹಾಗೆಯೇ ಹೇಳಿ ಮುಗಿಸಿದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ದುರುದ್ದೇಶವೇನಿಲ್ಲ, ಕಲಿಯುವ ಆಸೆಯ ಮುಖ.

"ಸಾರ್, ಪುಟ ಖಾಲಿ ಬಂತು ಅಂದ್ರಲ್ಲ. ಲಿಂಕಲ್ಲಿ ಬೇರೆ ಯಾವ್ದಾದ್ರೂ ಫಿಲ್ಟರ್ ಉಳ್ಕೊಂಡಿತ್ತಾ ಅಂತ ನೋಡಿದ್ರಾ?"

"ನೋಡಿದ್ದೆ" ಎಂದೆ.

ಅವಳು "ಥ್ಯಾಂಕ್ಯೂ ಸಾರ್" ಎಂದು ಕೂತು ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಸುಳ್ಳನ್ನು ಪಾಠವೆಂದು ಬರೆದುಕೊಂಡಳು. ಅದನ್ನು ನೋಡುತ್ತ ನಿಂತವನಿಗೆ ಆಗ ಅರ್ಥವಾಯಿತು. ಆರು ವರ್ಷ ಸುಮ್ಮನಿದ್ದೆ ಎಂದುಕೊಂಡಿದ್ದೆ. ಸುಮ್ಮನಿರಲಿಲ್ಲ. ಹೋದಲ್ಲೆಲ್ಲ ನಿಮ್ಮನ್ನು ಮತ್ತೆ ಮತ್ತೆ ಸುಳ್ಳುಗಾರ್ತಿಯೆಂದು ಸಾರುತ್ತ ತಿರುಗಿದ್ದೆ, ಅದಕ್ಕೆ ಚಪ್ಪಾಳೆ ತೆಗೆದುಕೊಂಡಿದ್ದೆ.

ಆ ವಾರವೇ ಬಸ್ಸು ಹತ್ತಿದೆ. ನಿಮ್ಮ ಮನೆ ತೋರಿಸಿ ಎಂದು ನಿಮ್ಮೂರ ಅಂಗಡಿಯವರನ್ನು ಕೇಳಿದರೆ, "ಯಾರು, ಸುಳ್ಳು ಸೂಜಿ ಲಕ್ಷ್ಮಮ್ಮನ ಮನೆನಾ?" ಎಂದರು. ಬೈಯುವ ದನಿಯೇನಲ್ಲ. ಅಡ್ಡಹೆಸರು ಹೇಳುವಂತೆ ಹಗುರವಾಗಿ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ನಾನಿಟ್ಟ ಹೆಸರು ಊರಿನಲ್ಲಿ ಬೇರು ಬಿಟ್ಟಿತ್ತು.

ನೀವು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಿರಿ. ನಾನು ಯಾರೆಂದು ಹೇಳಿದೆ. ಕೈ ತೊಳೆದುಕೊಂಡು ಬಂದು, ಮೊದಲು ನೀರು ಕೊಟ್ಟಿರಿ, ಆಮೇಲೆ ಕೂತಿರಿ. ನಾನು ಎಲ್ಲವನ್ನೂ ಹೇಳಿದೆ, ಫೋನು ತೆಗೆದು ಆ ಬಾಲವನ್ನೂ ತೋರಿಸಿದೆ. ನಿಮ್ಮ ಮೊದಲ ಮಾತು ನನಗೆ ಅನಿರೀಕ್ಷಿತ.

"ಹಂಗಾದ್ರೆ ನಾನು ಹೊಡೆದಿದ್ದು ಹೋಗಿತ್ತು ಪುಟಕ್ಕೆ?"

"ಎಲ್ಲವೂ ಹೋಗಿತ್ತು."

"ನಾನೇ ಏನೋ ತಪ್ಪು ಒತ್ತಿದೀನಿ ಅಂದ್ಕೊಂಡಿದ್ದೆ ಸಾರ್. ಹಾಕಿದ್ದಂತೂ ನಿಜ, ಒತ್ತೋದ್ರಲ್ಲಿ ಎಡವಟ್ಟಾಯ್ತೇನೋ ಅಂತ. ಇಷ್ಟು ವರ್ಷ." ಎಂದು ನೆಲ ನೋಡಿದಿರಿ. ಅಷ್ಟೂ ವರ್ಷ ನೀವು ನಿಮ್ಮ ಬೆರಳನ್ನೇ ಅನುಮಾನಿಸಿಕೊಂಡಿದ್ದಿರಿ. ಊರು ನಿಮ್ಮನ್ನು ನಂಬದೆ ಹೋದದ್ದು ನನಗೆ ಗೊತ್ತಿತ್ತು. ನೀವೇ ನಿಮ್ಮನ್ನು ನಂಬದಂತೆ ಮಾಡಿದ್ದೆ ಎಂಬುದು ಗೊತ್ತಿರಲಿಲ್ಲ.

ಆಮೇಲೆ ತಲೆಯೆತ್ತಿ ಕೇಳಿದಿರಿ. "ಗೊತ್ತಾದ ದಿನ ಒಂದು ಫೋನ್ ಮಾಡ್ಬೋದಿತ್ತಲ್ಲ ಸಾರ್. ನಂಬರ್ ಇತ್ತಲ್ಲ ನಿಮ್ಮತ್ರ."

ಇತ್ತು.

ಕೆಲಸ ಹೋದ ಮೇಲೆ ಮಾಲೂರಿನ ಕಡೆ ಇಟ್ಟಿಗೆ ಗೂಡಿಗೆ ಹೋದದ್ದು, ಯಾರದೋ ಕರು ಕುಂಟಿದರೂ ನಿಮ್ಮ ಸೂಜಿಯ ಮಾತು ಎತ್ತಿದ್ದು, ಮಗಳಿಗೆ ಶಾಲೆಯಲ್ಲಿ ಅದೇ ಅಡ್ಡಹೆಸರು ಅಂಟಿದ್ದು, ಎಲ್ಲವನ್ನೂ ವರದಿ ಒಪ್ಪಿಸುವಂತೆ ಹೇಳಿದಿರಿ. ಅಳಲಿಲ್ಲ. ನಾನು ಕ್ಷಮೆ ಎಂಬ ಮಾತೆತ್ತಿದಾಗ ಕೈ ಅಡ್ಡ ಮಾಡಿದಿರಿ.

"ಅದೆಲ್ಲಾ ಆಮೇಲೆ. ಮೊದ್ಲು ಒಂದು ಕೇಳ್ತೀನಿ ಮಾಡ್ತೀರಾ? ನಮ್ಮೂರ ಡೈರಿಯೋರು ಹಸುಗೆ ಸೂಜಿ ಹಾಕೋಕೆ, ಔಷಧಿ ಕೊಡೋಕೆ ಊರೋರನ್ನೇ ಒಬ್ರನ್ನ ತಗೋತಾವ್ರೆ. ಬರೋ ತಿಂಗಳು ಮೊದಲ್ನೇ ಸೋಮವಾರ ಆರಿಸ್ತಾರೆ. ನಾನೂ ಅರ್ಜಿ ಹಾಕಿದೀನಿ. ನಿಮ್ಮ ಪೇಪರ್ ಕಟಿಂಗ್ ಮಡಚಿಟ್ಕೊಂಡೋರು ಅವ್ರೆ ಊರಲ್ಲಿ. ಅದನ್ನ ತೋರ್ಸಿ ನನ್ನ ಹೆಸರು ಹೊಡೀತಾರೆ."

"ಪತ್ರಿಕೆಯಲ್ಲಿ ಬರೀತೀನಿ. ಎಲ್ಲಿ ಬರೆದಿದ್ದೆನೋ ಅಲ್ಲೇ" ಎಂದೆ.

"ಬರೀರಿ. ಆದ್ರೆ ಈಗ ಪೇಪರ್ ಓದೋರು ಎಷ್ಟ್ ಜನ ಸಾರ್? ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಊರೆಲ್ಲಾ ಡೈರಿ ಹತ್ರ ಇರ್ತಾರೆ. ಅಲ್ಲಿ ಬಂದು ನಿಮ್ಮ ಬಾಯಲ್ಲೇ ಹೇಳಿ. ಎಮ್ಮೆ ವಿಷ್ಯನೂ ಹೇಳಿ. ನಗ್ತಾರೆ, ನಕ್ಕೊಳ್ಳಿ."

ಹಿಂದಿನ ಸಂಪಾದಕರು ನಿವೃತ್ತರಾಗಿದ್ದಾರೆ. ಈಗಿನವರಿಗೆ ಎಲ್ಲವನ್ನೂ ಹೇಳಿದೆ. ಒಳಪುಟದಲ್ಲಿ ಎರಡು ಸಾಲಿನ ಸ್ಪಷ್ಟನೆ ಹಾಕಿ ಮುಗಿಸೋಣ, ಆರು ವರ್ಷದ ಹಿಂದಿನದು ಯಾರಿಗೆ ನೆನಪಿದೆ ಎಂದರು. ನೆನಪಿಟ್ಟುಕೊಂಡ ಊರೊಂದಿದೆ ಎಂದೆ. ವಾದವಾಯಿತು. ಕೊನೆಗೆ ಒಪ್ಪಿದರು: ಒಂದನೇ ಪುಟ, ಅಂದಿನಷ್ಟೇ ಅಗಲ, ನನ್ನ ಹೆಸರಿನೊಂದಿಗೆ. ಈ ಬರಹ ಅದರ ಜೊತೆಗೆ ಹೋಗುತ್ತದೆ. ನನ್ನ ಹುದ್ದೆಯ ವಿಷಯ ಅವರ ತೀರ್ಮಾನಕ್ಕೆ ಬಿಟ್ಟಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಸಂಘದ ಕಚೇರಿ ಈಗ ಇಲ್ಲ. ಅದನ್ನು ನಡೆಸಿದ್ದವರ ವಿಳಾಸ ಹುಡುಕಿ, ನಿಮ್ಮನ್ನು ತೆಗೆದದ್ದು ನನ್ನ ತಪ್ಪಿನಿಂದ ಎಂದು ಪತ್ರ ಹಾಕಿದ್ದೇನೆ. ಅದರ ಪ್ರತಿ ನಿಮ್ಮ ಬಳಿ ಇದೆ. ಆ ಕಾಲೇಜಿಗೂ ಹೋಗಿ ಬಂದೆ. ಎರಡನೆಯ ಬೆಂಚಿನ ಹುಡುಗಿಗೆ ಎಲ್ಲರ ಮುಂದೆ ಹೇಳಿದೆ: ನೋಡಿರಲಿಲ್ಲ ಕಣಮ್ಮ, ನಿನ್ನ ಪ್ರಶ್ನೆಯೇ ಸರಿ, ನನ್ನ ಉತ್ತರ ಸುಳ್ಳು.

ಇವು ಯಾವುದರಿಂದಲೂ ಆರು ವರ್ಷ ವಾಪಸು ಬರುವುದಿಲ್ಲ. ಸೋಮವಾರ ನಿಮ್ಮನ್ನು ಆರಿಸುತ್ತಾರೆ ಎಂದು ಭರವಸೆ ಕೊಡುವ ಯೋಗ್ಯತೆಯೂ ನನಗಿಲ್ಲ. ಆರಿಸದಿದ್ದರೆ ಅದೂ ನನ್ನದೇ.

ಈ ಪತ್ರಿಕೆ ಓದುಗರ ಕೈ ಸೇರುವ ಹೊತ್ತಿಗೆ ನಾನು ಮಾಲೂರಿನಿಂದ ನಿಮ್ಮೂರಿಗೆ ಹೊರಡುವ ಮೊದಲ ಬಸ್ಸಿನಲ್ಲಿರುತ್ತೇನೆ. ಹೆದರಿಕೆಯೂ ಇದೆ, ಕೊನೆಗೂ ಹೊರಟೆನಲ್ಲ ಎಂಬ ಆತುರವೂ ಇದೆ. ಊರಿನವರು ಹಾಲು ಅಳೆಸಿ ಮುಗಿಸುವವರೆಗೆ ಡೈರಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ: ಲಕ್ಷ್ಮಮ್ಮ ಹಾಕಿದ್ದರು, ತುಂಬಿದ್ದರು, ಸುಳ್ಳು ಬರೆದವನು ನಾನು. ತಡವಾಗಿ ಬಂದವರಿಗೆ ಮತ್ತೆ ಹೇಳುತ್ತೇನೆ.